ನೆಲ ಡೊಂಕು

ಫೆಬ್ರವರಿ 2, ಸೋಮವಾರ

ಕಾರಿನ ಬಾಗಿಲು! ಸಿಕ್ಕಿಸಿಕೊಳ್ಳಲು ಅದಕ್ಕೆ ಬೇರೆ ವಸ್ತುವೇ ಸಿಗಲಿಲ್ಲವೇ? ಮಗಳು ಪೂಲ್ ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲಿನ ಮುಂದಿನ ಅರ್ಧ, ಅಂದರೆ ಶಾಫ್ಟು, ಸಂದಿಗೆ ಸಿಕ್ಕಿ ಲಟ್ಟೆಂದು ಎರಡಾಯಿತು. ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ನಾನು ಶಬ್ದ ಕೇಳಿ ಅಲ್ಲೇ ಕೂತುಬಿಟ್ಟೆ. ಯಾರದೋ ಮೂಳೆ ಮುರಿಯಿತು ಎಂದುಕೊಂಡೆ. ಮೂಳೆಯಾಗಿದ್ದರೆ ಹೇಗೋ ಕೂಡಿಕೊಳ್ಳುತ್ತಿತ್ತು.

ಮುಂದಿನ ತಿಂಗಳ ಮೊದಲ ವಾರವೇ ಜಿಲ್ಲೆಯ ಯುವತಿಯರ ಪೂಲ್ ತಂಡದ ಆಯ್ಕೆ ಪಂದ್ಯ. ಹೋದ ವರ್ಷ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಈ ಸಲವೂ ತಪ್ಪಿದರೆ ಅವಳ ವಯಸ್ಸು ಮೀರಿತು, ಆ ತಂಡದ ಕಡೆಗೆ ಮತ್ತೆ ನೋಡುವಂತಿಲ್ಲ. ಇಂಥ ಹೊತ್ತಿನಲ್ಲಿ ಕೋಲು ಮುರಿದಿದೆ. ಆದರೆ ಹುಡುಗಿ ಅಳಲಿಲ್ಲ. ತುಂಡುಗಳನ್ನು ನನ್ನ ತೊಡೆಯ ಮೇಲಿಟ್ಟು, "ಅಪ್ಪಾ, ಹೊಸದು ನೀನೇ ಆರಿಸಿಕೊಡು. ನೀನು ನೋಡಿದ್ದು ಅಂದ್ರೆ ಮುಗೀತು, ನಾನು ತಿರುಗಿ ನೋಡಲ್ಲ" ಎಂದಳು. ಕೋಲು ಮಾಡುವುದರಲ್ಲೇ ನನ್ನ ತಲೆ ನರೆತಿದೆ. ಊರವರ ಕೋಲನ್ನೆಲ್ಲ ನೆಟ್ಟಗೆ ಮಾಡಿದವನಿಗೆ ಮಗಳಿಗೊಂದು ಆರಿಸುವುದು ದೊಡ್ಡದೇ?

ಸಂಜೆಯಿಡೀ ಇದನ್ನೇ ಹೇಳುತ್ತಿದ್ದೆನೆಂದು ಹೆಂಡತಿ ಈ ಪುಸ್ತಕ ತಂದು ಮುಂದೆ ಎಸೆದಳು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಕೋಲುಗಳಿಗೆ ಚೀಲ ಹೊಲಿಯುವವಳು ಅವಳು. ದಿನವಿಡೀ ನನ್ನ ಮಾತು, ಮಿಷನ್ನಿನ ಸದ್ದು ಎರಡನ್ನೂ ಕೇಳಬೇಕು. "ನನ್ನ ತಲೆ ತಿನ್ನೋದು ಬಿಟ್ಟು ಇದರಲ್ಲಿ ಬರ್ಕೊಳ್ಳಿ. ಪುಸ್ತಕಕ್ಕೆ ಕಿವಿ ಇಲ್ಲ, ತಡ್ಕೊಳ್ಳತ್ತೆ" ಎಂದಳು.

ಬರೆದಿದ್ದೇನೆ. ಇಷ್ಟು ಬೆಲೆಬಾಳುವ ಪುಸ್ತಕ, ಗೆರೆಗಳು ಮಾತ್ರ ಅಲೆ ಅಲೆ. ಈಗಿನವರಿಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ.

ಫೆಬ್ರವರಿ 4, ಬುಧವಾರ

ಇಂಥ ಮರವನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ! ಇನ್ನೂ ನನ್ನ ಮೈ ಉರಿಯುತ್ತಿದೆ.

ಭಾವಮೈದನ ಗೋದಾಮಿಗೆ ಹೋಗಿದ್ದೆ. ಹೆಂಡತಿಗೆ ಒಬ್ಬನೇ ತಮ್ಮ, ಮರದ ವ್ಯಾಪಾರಿ. ನನ್ನ ಅಂಗಡಿಗೆ ಮೇಪಲ್ ಮರದ ಶಾಫ್ಟುಗಳು ಮೊದಲಿನಿಂದಲೂ ಬರುವುದು ಅವನಲ್ಲಿಂದಲೇ. ಸೋದರ ಸೊಸೆಗೆ ಎಂದ ಕೂಡಲೇ ಅಟ್ಟ ಹತ್ತಿ ತನ್ನ ಖಾಸಾ ಕಟ್ಟನ್ನು ಇಳಿಸಿದ. ಚೆನ್ನಾಗಿ ಒಣಗಿದ ಮರ. ಗೆರೆಗಳು ಒತ್ತೊತ್ತಾಗಿ, ಬುಡದಿಂದ ತುದಿಯವರೆಗೆ ಎಲ್ಲೂ ಪಕ್ಕಕ್ಕೆ ಜಾರದೆ ಓಡಿವೆ. ಗಂಟಿಲ್ಲ, ಕಲೆಯಿಲ್ಲ. ಉಗುರಿನಿಂದ ತಟ್ಟಿದರೆ ಟಣ್ ಎಂದಿತು. ಎಲ್ಲ ಸರಿ. ಇನ್ನು ನೋಟ ಒಂದೇ ಬಾಕಿ ಎಂದು ಬುಡವನ್ನು ಕೆನ್ನೆಗಾನಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಉದ್ದಕ್ಕೂ ನೋಡಿದೆ. ಸೊಟ್ಟ! ಇನ್ನೊಂದು ತೆಗೆದೆ, ಅದೂ ಸೊಟ್ಟ. ಇಡೀ ಕಟ್ಟೇ ನಡುವಿನಲ್ಲಿ ಎಡಕ್ಕೆ ಹೊಟ್ಟೆ ಬಿಟ್ಟಿದೆ. ಇನ್ನೂ ವಿಚಿತ್ರವೆಂದರೆ, ತಿರುಗಿಸಿ ಹಿಡಿದರೂ ಎಡಕ್ಕೇ. ತಲೆಕೆಳಗು ಮಾಡಿದರೂ ಎಡಕ್ಕೇ. ಬಾಗಿದ ಕೋಲನ್ನು ತಿರುಗಿಸಿದರೆ ಬಾಗೂ ತಿರುಗಬೇಕಲ್ಲ? ಹೇಗೆ ಹಿಡಿದರೂ ಎಡಕ್ಕೇ ಬಾಗುವ ಮರ ಯಾವ ಕಾಡಿನಲ್ಲಿ ಬೆಳೆಯುತ್ತದೋ!

"ಏನಯ್ಯಾ ಇದು? ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?" ಎಂದೆ.

ಅವನು ಬಾಯಿ ಬಿಟ್ಟುಕೊಂಡು ನಿಂತ. "ಭಾವಾ, ಬಾಣದ ಥರ ಇದಾವೆ. ಮೇಜಿನ ಮೇಲೆ ಉರುಳಿಸಿ ನೋಡಿ ಬೇಕಾದ್ರೆ."

"ಉರುಳಿಸಿ ನೋಡೋರು ಕಣ್ಣಿಲ್ಲದೋರು. ಮೇಜು ಸುಳ್ಳು ಹೇಳತ್ತೆ, ಕಣ್ಣು ಹೇಳಲ್ಲ."

ಅಷ್ಟರಲ್ಲಿ ಬಾಗಿಲ ಹಿಂದೆ ಒಂದು ಒಂಟಿ ಶಾಫ್ಟು ಕಂಡಿತು. ಸುಮ್ಮನೆ ಎತ್ತಿ ನೋಡಿದರೆ, ಎಲಾ ಇವನ! ನೂಲು ಹಿಡಿದಂತೆ ನೇರ. "ಅದಾ? ಭಾವಾ, ಅದು ಬೇಡ, ಅದು ನಾನು ಬೇರೆ ಎತ್ತಿಟ್ಟಿದ್ದು" ಎನ್ನುತ್ತಾ ಓಡಿ ಬಂದ. ಬೇರೆ ಎತ್ತಿಟ್ಟಿದ್ದಂತೆ! ಯಾವನೋ ದೊಡ್ಡ ಗಿರಾಕಿಗೆ ಒಳ್ಳೆಯದನ್ನು ಬಚ್ಚಿಟ್ಟು ಸ್ವಂತ ಸೊಸೆಗೆ ಕಸ ಕೊಡಲು ಹೊರಟಿದ್ದಾನೆ. ಇನ್ನೊಮ್ಮೆ ತಿರುಗಿಸಿ ನೋಡುವಷ್ಟೂ ವ್ಯವಧಾನ ಇರಲಿಲ್ಲ. ಕಂಕುಳಿಗೆ ಸಿಕ್ಕಿಸಿಕೊಂಡು, "ಹೆಂಡ್ತಿ ತಮ್ಮ ಅಂತ ಸುಮ್ಮನಿದ್ದೀನಿ, ಇಲ್ಲದಿದ್ರೆ ಮೋಸಗಾರ ಅಂತ ಬೀದೀಲಿ ನಿಂತು ಕೂಗ್ತಿದ್ದೆ" ಎಂದು ಬೀದಿಯಲ್ಲಿ ನಿಂತೇ ಕೂಗಿ ಬಂದೆ.

ಹೆಂಡತಿಗೆ ಹೇಳಿದ್ದಕ್ಕೆ ಮಿಷನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅವಳು ಬೈದಿದ್ದರೆ ವಾಸಿಯಿತ್ತು. ಭಾವಮೈದ ಆಗಿನಿಂದ ಫೋನ್ ಮಾಡುತ್ತಲೇ ಇದ್ದಾನೆ. ನಾನು ಎತ್ತುವವನಲ್ಲ.

ಫೆಬ್ರವರಿ 7, ಶನಿವಾರ

ಲೇತಿನ ಮೂತಿ ಸವೆದುಹೋಗಿದೆ. ಶಾಫ್ಟನ್ನು ಕಚ್ಚಿಸಿ ತಿರುಗಿಸಿದರೆ ತುದಿ ಓಲಾಡುತ್ತದೆ. ಇಷ್ಟು ದಿನ ಚೆನ್ನಾಗಿದ್ದ ಯಂತ್ರಕ್ಕೂ ಈಗಲೇ ದೊಡ್ಡ ರೋಗ ಬರಬೇಕಿತ್ತು. ಬೈದುಕೊಂಡು ಕೈಯಲ್ಲೇ ಉಜ್ಜಿ, ಕೋಲಿನ ಹಿಂದಿನ ಅರ್ಧಕ್ಕೆ ಸೇರಿಸುವ ಹಿತ್ತಾಳೆಯ ತಿರುಪು ಕೂರಿಸಿ, ತುದಿಗೆ ಚರ್ಮದ ಟೋಪಿ ಅಂಟಿಸಿದೆ.

ಬಾಗಿಲ ಚೌಕಟ್ಟೂ ಉಬ್ಬಿದೆ. ಮನೆ ಮಾಲೀಕನಿಗೆ ಹೇಳಿ ಕಳಿಸಿದೆ. ಬಂದವನು ಕೈಯಿಂದ ಸವರಿ, "ಏನೂ ಆಗಿಲ್ಲವಲ್ಲ ಸ್ವಾಮಿ" ಎಂದು ಹೋದ. ರಿಪೇರಿ ತಪ್ಪಿಸಿಕೊಳ್ಳಲು ಇವರು ಏನು ಬೇಕಾದರೂ ಹೇಳುತ್ತಾರೆ.

ಫೆಬ್ರವರಿ 9, ಸೋಮವಾರ

ಕೋಲು ಕೊಟ್ಟೆ. ಮಗಳು ಕೆನ್ನೆಗಾನಿಸಿ ನೋಡಿದಳು. ತಿರುಗಿಸಿದಳು, ಮತ್ತೆ ನೋಡಿದಳು. "ಅಪ್ಪಾ, ಇದು ಸ್ವಲ್ಪ..." ಎಂದಳು.

"ಏನು ಸ್ವಲ್ಪ?"

"ಏನಿಲ್ಲ. ನೀನು ನೋಡಿದೀಯಲ್ಲ?"

"ಗೋದಾಮಿಗೆ ಗೋದಾಮೇ ಜಾಲಾಡಿ ತಂದಿದೀನಿ."

"ಹಾಗಾದ್ರೆ ಸರಿ" ಎಂದಳು. ಸಂಜೆ ಕ್ಲಬ್ಬಿಗೆ ಹೋದೆವು. ಅಲ್ಲಿ ನನ್ನ ಎದೆ ಒಡೆಯಿತು! ಚಿಕ್ಕ ಮಗುವೂ ತೂತಿಗೆ ಹಾಕಬಹುದಾದ ಚೆಂಡನ್ನು ಇವಳು ತಪ್ಪಿಸಿದಳು. ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೇ ಕಡೆಗೆ ತಪ್ಪಿದರೆ ತಿದ್ದಬಹುದು, ಇದಕ್ಕೆ ಹೇಳುವವರಿಲ್ಲ ಕೇಳುವವರಿಲ್ಲ. ಕೊನೆಗೆ ಹತ್ತಿರ ಬಂದು, "ಅಪ್ಪಾ, ಕೋಲು ಏನಾದ್ರೂ..." ಎಂದಳು. ನನಗೆ ರೇಗಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಜೋರಾಗಿಯೇ ಎಂದೆ. ಕ್ಲಬ್ಬಿನ ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಗಲು ನೋಡಿದಳು. ಆಮೇಲೆ ಕೋಲಿನ ಸುದ್ದಿ ಎತ್ತಲಿಲ್ಲ.

ಫೆಬ್ರವರಿ 12, ಗುರುವಾರ

ಇವತ್ತೂ ಅಷ್ಟೇ. ಊಟ ಬೇಡ ಎಂದಳು.

ಫೆಬ್ರವರಿ 16, ಸೋಮವಾರ

ಅವಳ ಮೊಣಕೈ ಸರಿಯಿಲ್ಲ, ಅದೇ ಕಾರಣ. ಇವತ್ತು ಬೆನ್ನ ಹಿಂದೆ ನಿಂತು ಮೊಣಕೈ ಹಿಡಿದು ಹೊಡೆಸಿದೆ. ನಿಲ್ಲುವ ರೀತಿ ಬದಲಿಸಿದೆ. ಪಾದದ ಸುತ್ತ ಸೀಮೆಸುಣ್ಣದ ಗೆರೆ ಹಾಕಿದೆ. ಇದ್ದಬದ್ದದ್ದೂ ಕೆಟ್ಟಿತು. ಮೊದಲು ಹತ್ತಿರದ ಚೆಂಡನ್ನಾದರೂ ಹಾಕುತ್ತಿದ್ದಳು.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಮರ ಸರಿಯಿಲ್ಲ, ನನ್ನ ತಮ್ಮ ಸರಿಯಿಲ್ಲ, ಲೇತ್ ಸರಿಯಿಲ್ಲ, ಬಾಗಿಲು ಸರಿಯಿಲ್ಲ. ಈಗ ಹೆತ್ತ ಮಗಳೂ ಸರಿಯಿಲ್ಲ. ಈ ಮನೇಲಿ ನೆಟ್ಟಗಿರೋದು ನೀವೊಬ್ರೇ ಅಲ್ವಾ?"

ಹೌದು ಎಂದೆ. ಅದರಲ್ಲಿ ಅಷ್ಟು ನಗುವಂಥದ್ದೇನಿತ್ತೋ ತಿಳಿಯಲಿಲ್ಲ. ನಕ್ಕವಳು ಆಮೇಲೆ ಕಣ್ಣೊರೆಸಿಕೊಂಡಳು. ತಮ್ಮನಿಗಾಗಿ ಇರಬೇಕು.

ಫೆಬ್ರವರಿ 20, ಶುಕ್ರವಾರ

ಆಯ್ಕೆ ಪಂದ್ಯಕ್ಕೆ ಹೋಗುವುದಿಲ್ಲವಂತೆ!

ಹಲ್ಲುಜ್ಜುತ್ತಾ ಹೇಳಿದಳು, ಹಾಲು ಬಂದಿಲ್ಲ ಎಂದು ಹೇಳುವ ಹಾಗೆ. "ನನ್ನ ಕೈ ಹೋಯ್ತು ಅಪ್ಪಾ. ಕೋಲು ಇಷ್ಟು ಚೆನ್ನಾಗಿದ್ದೂ ಆಗ್ತಿಲ್ಲ ಅಂದ್ಮೇಲೆ ಇನ್ನೇನು? ಹೆಸರು ವಾಪಸ್ ತಗೋತೀನಿ." ಸಿಡಿಲು ಬಡಿದಂತೆ ನಿಂತೆ. ಮೇಜಿನ ಅಂಚು ಕಾಣದಷ್ಟು ಚಿಕ್ಕವಳಿದ್ದಾಗ ಸ್ಟೂಲಿನ ಮೇಲೆ ನಿಂತು ಆಡಿದವಳು. ಜ್ವರ ಬಂದಾಗಲೂ ಪಕ್ಕದಲ್ಲಿ ಚೆಂಡು ಇಟ್ಟುಕೊಂಡು ಮಲಗಿದವಳು. ಬೈದೆ. ಹೇಡಿ ಎಂದೆ. ನಾನು ತಂದ ಕೋಲಿಗೆ ಅವಮಾನ ಎಂದೆ. ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು, ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೋದಳು.

ಇಡೀ ದಿನ ಒಂದು ಉಳಿ ಹಿಡಿಯಲಾಗಲಿಲ್ಲ.

ಫೆಬ್ರವರಿ 23, ಸೋಮವಾರ

ದೇವರೇ.

ಮಧ್ಯಾಹ್ನ ಅಂಗಡಿಯ ಫೋನ್ ಬಡಿಯಿತು. ಕಣ್ಣಾಸ್ಪತ್ರೆಯವರು. ಮಗಳ ಹೆಸರು ಹೇಳಿ, "ಬುಧವಾರ ಎರಡನೇ ಸಲ ಬರಬೇಕು, ಮನೆಯವರನ್ನು ಕರ್ಕೊಂಡು ಬರೋಕೆ ಡಾಕ್ಟರು ಹೇಳಿದ್ರು, ನೆನಪಿಸಿ" ಎಂದರು. ಮನೆಯವರನ್ನು! ಎರಡನೇ ಸಲವೆಂದರೆ ಮೊದಲ ಸಲ ಒಬ್ಬಳೇ ಹೋಗಿ ಬಂದಿದ್ದಾಳೆ. ಅದಕ್ಕೇ ಚೆಂಡು ತಪ್ಪುತ್ತಿದೆ. ಅದಕ್ಕೇ ಆಟ ಬಿಡುತ್ತೇನೆ ಎಂದದ್ದು. ನನ್ನ ಮಗಳಿಗೆ ಕಣ್ಣು ಕಾಣುತ್ತಿಲ್ಲ, ನಾನು ಅವಳ ಮೊಣಕೈ ತಿರುಚುತ್ತಿದ್ದೆ!

ಹೆಂಡತಿಗೂ ಗೊತ್ತಿರಲಿಲ್ಲ. ಹೇಳಿದಾಗ ಕತ್ತರಿ ಕೈಯಿಂದ ಬಿತ್ತು. ಇಬ್ಬರೂ ಬಟ್ಟೆಯ ರಾಶಿಯ ನಡುವೆ ಕೂತೆವು. ಇಷ್ಟು ದಿನದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. ನನ್ನ ಎರಡೂ ಕಣ್ಣು ತೆಗೆದುಕೊಳ್ಳಲಿ, ಅವಳದ್ದು ಉಳಿಯಲಿ. ಆಡಿದ ಮಾತೆಲ್ಲ ನೆನಪಾಗುತ್ತಿದೆ. ನೆಲ ಡೊಂಕು ಎಂದೆನಲ್ಲ, ಅಷ್ಟು ಜನರ ಮುಂದೆ. ಮಾತು ಆಡಿದರೆ ಹೋಯಿತು.

ಮಗಳು ಬಂದಾಗ, "ಬುಧವಾರ ನಾನೂ ಬರ್ತೀನಿ" ಎಂದಷ್ಟೇ ಹೇಳಿದೆ. ಅವಳು ಬೆಚ್ಚಿಬಿದ್ದಳು. "ಹೂಂ, ನೀನೇ ಬರಬೇಕು" ಎಂದಳು. ಇನ್ನೇನೂ ಕೇಳುವ ಧೈರ್ಯ ಬರಲಿಲ್ಲ.

ಫೆಬ್ರವರಿ 25, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನಗೇ ಇನ್ನೂ ನಂಬಿಕೆ ಬಂದಿಲ್ಲ.

ಆಸ್ಪತ್ರೆಗೆ ಹೊರಟಾಗ ಮಗಳು ಕೋಲಿನ ಚೀಲವನ್ನೂ ಹೆಗಲಿಗೆ ಹಾಕಿಕೊಂಡಳು. ಕಣ್ಣಿನ ಡಾಕ್ಟರಿಗೆ ಕೋಲೇಕೆ ಎಂದು ಕೇಳಲಿಲ್ಲ. ಅವಳು ಏನು ಮಾಡಿದರೂ ಇವತ್ತು ಕೇಳಬಾರದೆಂದು ಹೆಂಡತಿ ಆಣೆ ಮಾಡಿಸಿದ್ದಳು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ನಗುಮುಖ. ಆ ನಗು ನೋಡಿ ನನಗೆ ಇನ್ನೂ ಭಯವಾಯಿತು. "ಡಾಕ್ಟ್ರೇ, ಮುಚ್ಚುಮರೆ ಬೇಡ. ಮಗಳ ಕಣ್ಣು ಎಷ್ಟು ಉಳಿದಿದೆ, ಹೇಳಿಬಿಡಿ" ಎಂದೆ.

"ನಿಮ್ಮ ಮಗಳ ಕಣ್ಣಿಗೆ ಏನೂ ಆಗಿಲ್ಲ. ಹದ್ದಿನ ಕಣ್ಣು."

"ಮತ್ತೆ?"

"ಅವರು ಬಂದು ಏನು ಹೇಳಿದ್ರು ಗೊತ್ತಾ? ನೇರ ಇರೋ ಕೋಲು ನನಗೆ ಬಾಗಿದ ಹಾಗೆ ಕಾಣತ್ತೆ, ನನ್ನ ಕಣ್ಣು ಹಾಳಾಗಿದೆ ಅಂದ್ರು. ಎಲ್ಲ ಪರೀಕ್ಷೆ ಮಾಡಿದೆ, ಏನೂ ಇಲ್ಲ. ಕೊನೆಗೆ ಆ ಕೋಲನ್ನೇ ತನ್ನಿ ಅಂದೆ. ಅದನ್ನ ನೇರ ಅಂದೋರು ಯಾರೋ, ಅವರನ್ನೂ ಕರ್ಕೊಂಡು ಬನ್ನಿ ಅಂದೆ."

ಮಗಳು ಶಾಫ್ಟನ್ನು ತಿರುಚಿ ಬಿಡಿಸಿ ಮೇಜಿನ ಗಾಜಿನ ಮೇಲಿಟ್ಟಳು. ಡಾಕ್ಟರಮ್ಮ ಬೆರಳಿನಿಂದ ತಳ್ಳಿದರು. ಅದು ಕುಂಟಿಕೊಂಡು ಉರುಳಿತು. ನಡುವೆ ಗಾಜಿಗೂ ಮರಕ್ಕೂ ಸಂದು ಬಿಟ್ಟು ನಿಂತಿತು. ಆ ಸಂದಿನಲ್ಲಿ ಅವರು ತಮ್ಮ ಚೀಟಿಯನ್ನು ತೂರಿಸಿ ಈ ಕಡೆಯಿಂದ ಆ ಕಡೆಗೆ ಎಳೆದರು.

"ಮೇಜು ಸುಳ್ಳು ಹೇಳತ್ತೆ" ಎಂದೆ. ಅಭ್ಯಾಸ. ಬಾಯಿ ತಾನೇ ಹೇಳಿತು.

"ಬನ್ನಿ, ನೀವು ಈ ಕುರ್ಚೀಲಿ ಕೂತ್ಕೊಳ್ಳಿ."

"ರೋಗಿ ನಾನಲ್ಲ."

"ಕೂತ್ಕೋ ಅಪ್ಪಾ" ಎಂದಳು ಮಗಳು. ಕೂತೆ. ಚೌಕ ಚೌಕ ಗೆರೆಗಳ ಒಂದು ಕಾಗದ ಹಿಡಿದರು, ನಡುವೆ ಒಂದು ಚುಕ್ಕೆ. ಬಲಗಣ್ಣು ಮುಚ್ಚಿಸಿ ಎಡಗಣ್ಣಿನಲ್ಲಿ ನೋಡಿಸಿದರು. ಚೌಕಗಳು ಅಚ್ಚುಕಟ್ಟಾಗಿದ್ದವು. ಇನ್ನು ಎಡಗಣ್ಣು ಮುಚ್ಚಿ ಎಂದರು. ಮುಚ್ಚಿದೆ. ಗೆರೆಗಳೆಲ್ಲ ನಡುವಿನಲ್ಲಿ ಎಡಕ್ಕೆ ಹೊಟ್ಟೆ ಬಿಟ್ಟವು.

"ಕಾಗದ ಯಾಕೆ ಬದಲಾಯಿಸಿದ್ರಿ?" ಎಂದೆ. "ಇದನ್ನ ಅಚ್ಚು ಹಾಕಿದೋನು ಯಾರು? ಗೆರೆಯೆಲ್ಲ ಡೊಂಕು."

ಕಾಗದ ಅದೇ. ಡಾಕ್ಟರಮ್ಮನ ಕೈ ಅಲ್ಲಾಡಿಯೂ ಇರಲಿಲ್ಲ. ಎಡಗಣ್ಣು ತೆರೆದೆ, ಮುಚ್ಚಿದೆ. ಮತ್ತೆ ತೆರೆದೆ. ಗೋದಾಮಿನ ಇಡೀ ಕಟ್ಟು ಕಣ್ಣ ಮುಂದೆ ಬಂತು. ಅಷ್ಟೂ ಮರ ನೇರವಾಗಿತ್ತು. ಅಷ್ಟರಲ್ಲಿ ಸೊಟ್ಟಗಿದ್ದದ್ದು ಒಂದೇ ಒಂದು. ಅದು ಬಲಕ್ಕೆ ಬಾಗಿದ್ದು ನನ್ನ ಕಣ್ಣಿನ ಎಡಬಾಗಿಗೆ ಸರಿಹೊಂದಿ ನೇರ ಕಂಡಿತ್ತು. ಅದನ್ನೇ ಹುಡುಕಿ, ಹೊಡೆದಾಡಿ, ಮಗಳ ಕೈಗೆ ಕೊಟ್ಟಿದ್ದೆ.

ಫೆಬ್ರವರಿ 26, ಗುರುವಾರ

ಬಲಗಣ್ಣಿನ ಹಿಂದಿನ ಪರದೆಯ ಕೆಳಗೆ ನೀರು ತುಂಬಿದೆಯಂತೆ. ಗೋಡೆಯ ಬಣ್ಣ ಉಬ್ಬಿದ ಹಾಗೆ ಪರದೆ ಉಬ್ಬಿದೆ, ಉಬ್ಬಿದ ಕಡೆ ಗೆರೆ ಬಾಗುತ್ತದೆ. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಹೊಂದಿಸಿಕೊಂಡು ಹೋಗುತ್ತಿತ್ತು, ಅದಕ್ಕೇ ಅಷ್ಟಾಗಿ ತಿಳಿಯಲಿಲ್ಲ. ಕಣ್ಣಿಗೇ ಸೂಜಿ ಚುಚ್ಚಿದರು. ಇನ್ನೂ ಚುಚ್ಚುತ್ತಾರೆ. ಹೆಚ್ಚಾಗದಂತೆ ನಿಲ್ಲಿಸಬಹುದು, ಪೂರ್ತಿ ಮೊದಲಿನ ಹಾಗೆ ಆದೀತೆಂದು ಹೇಳಲಾರೆ ಎಂದರು ಡಾಕ್ಟರಮ್ಮ. ಮಗಳು ಬಾರದೆ ಹೋಗಿದ್ದರೆ ಆ ಕಣ್ಣು ಹೋಗಿಯೇಬಿಡುತ್ತಿತ್ತಂತೆ.

ನನಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನಿನ್ನೆ ಬಸ್ಸಿನಲ್ಲಿ. "ಮೊದಲ ದಿನವೇ ಸೊಟ್ಟ ಕಂಡಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳೋಕೆ ಬಂದೆ."

"ಗಟ್ಟಿಯಾಗಿ ಹೇಳಬೇಕಿತ್ತು."

"ನಿನಗೆ ನೇರ ಕಂಡಿತ್ತಲ್ಲ ಅಪ್ಪಾ. ನಿನಗೆ ನೇರ, ನನಗೆ ಸೊಟ್ಟ. ಇಬ್ಬರಲ್ಲಿ ಯಾರ ಕಣ್ಣು ಕೆಟ್ಟಿರತ್ತೆ? ನನ್ನದೇ ಅಂದ್ಕೊಂಡೆ. ಇನ್ನು ಕುರುಡಿಯಾಗ್ತೀನಿ ಅಂತ ಹಾಸಿಗೇಲಿ ಬಾಯಿ ಮುಚ್ಕೊಂಡು ಅತ್ತೆ."

ಎಲ್ಲ ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿದೆ. ಎದುರಿನ ಸೀಟಿನವರು ಸೂಜಿ ಚುಚ್ಚಿದ ಕಣ್ಣಿನಿಂದ ನೀರು ಬರುತ್ತಿದೆ ಎಂದುಕೊಂಡಿರಬೇಕು. ಎರಡರಿಂದಲೂ ಬರುತ್ತಿತ್ತು. ನನ್ನ ಮಾತನ್ನು ಹೀಗೆ ನಂಬುವವಳು ಇದ್ದಾಳೆಂದು ತಿಳಿದಿದ್ದರೆ ಇಷ್ಟು ಜೋರಾಗಿ ಮಾತಾಡುತ್ತಿರಲಿಲ್ಲ.

ಫೆಬ್ರವರಿ 28, ಶನಿವಾರ

ಭಾವಮೈದನಿಗೆ ಫೋನ್ ಮಾಡಬೇಕೆಂದು ಎರಡು ದಿನ ಫೋನನ್ನೇ ನೋಡುತ್ತಾ ಕೂತಿದ್ದೆ. ಅಷ್ಟರಲ್ಲಿ ಅವನೇ ಕಟ್ಟು ಹೊತ್ತುಕೊಂಡು ಬಂದ. ಅಕ್ಕ ಎಲ್ಲ ಹೇಳಿದ್ದಳು. ಕಟ್ಟು ಇಳಿಸಿ ಬೆವರೊರೆಸಿಕೊಂಡು, "ಭಾವಾ, ಅದು ಸೊಟ್ಟ ಅಂತ ಹೇಳೋಕೆ ಎಷ್ಟು ಫೋನ್ ಮಾಡಿದೆ! ಟೊಮೇಟೊ ಗಿಡಕ್ಕೆ ಆಸರೆ ಕೊಡೋಣ ಅಂತ ಎತ್ತಿಟ್ಟಿದ್ದೆ. ನೀವು ಎತ್ಕೊಂಡು ಓಡಿದ್ರಿ. ಗಿಡ ನೆಲಕ್ಕೆ ಮಲಗಿಬಿಡ್ತು" ಎಂದ.

ಕ್ಷಮಿಸು ಎನ್ನಲು ಬಾಯಿ ತೆರೆದೆ. "ಹೊಟ್ಟೆಗೆ ಹಾಕ್ಕೋ ಮಾರಾಯ" ಎಂದೆ.

"ಇಷ್ಟು ವರ್ಷದಿಂದ ನಿಮ್ಮ ಮಾತು ಹೊಟ್ಟೆಗೆ ಹಾಕ್ಕೊಂಡೇ ಈ ಗಾತ್ರ ಆಗಿದೀನಿ" ಎಂದು ಹೊಟ್ಟೆ ತಟ್ಟಿಕೊಂಡ. ಹೆಂಡತಿ ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. ನನಗೂ ನಗು ಬಂತು.

ಆಮೇಲೆ ಎಲ್ಲರೂ ನೆಲದ ಮೇಲೆ ಕೂತು ಆರಿಸಿದೆವು. ಗೆರೆಗಳು ಎಲ್ಲಿ ಜಾರಿವೆ ಎಂದು ಉಗುರಿನಿಂದ ಹೇಗೆ ಹಿಡಿಯಬೇಕೆಂದು ಮಗಳಿಗೆ ತೋರಿಸಿದೆ. ಗೆರೆ ಜಾರಿದ ಕಡೆ ಮರ ನಾಳೆ ಬಾಗುತ್ತದೆ, ಇವತ್ತು ನೇರವಿದ್ದರೆ ಸಾಲದು. ಎರಡು ಬೆರಳಲ್ಲಿ ತೂಗುಬಿಟ್ಟು ತಟ್ಟಿಸಿದೆ. ಕೆಲವು ಮಂಕಾಗಿ ನುಡಿದವು, ಅವು ಆಚೆ ಹೋದವು. ಉಳಿದವನ್ನು ಗಾಜಿನ ಮೇಲೆ ಉರುಳಿಸಿದೆವು. ಹೌದು, ಉರುಳಿಸಿದೆವು! ಕೊನೆಗೆ ಅವಳು ಒಂದೊಂದನ್ನೇ ಕೆನ್ನೆಗಾನಿಸಿ ನೋಡಿ ಒಂದನ್ನು ಎತ್ತಿ ಹಿಡಿದಳು. "ಇದು" ಎಂದಳು. ನೋಡು ಎಂದು ನನ್ನ ಕಡೆ ಚಾಚಿದಳು.

ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ. "ನೀನು ನೋಡಿದೀಯಲ್ಲ, ಸಾಕು. ಕೊಡು, ತಿರುಪು ಕೂರಿಸ್ತೀನಿ" ಎಂದೆ. ಲೇತಿನಲ್ಲಿ ತುದಿ ಕದಲಲಿಲ್ಲ. ಯಂತ್ರವನ್ನೂ ಸುಮ್ಮನೆ ಬೈದಿದ್ದೆ.

ಮಾರ್ಚ್ 6, ಶುಕ್ರವಾರ

ಆಯ್ಕೆಯಾದಳು. ಪಟ್ಟಿಯಲ್ಲಿ ಕೊನೆಯ ಹೆಸರು, ಆದರೂ ಹೆಸರು ಹೆಸರೇ. ಅವಳಮ್ಮ ಬೀದಿಗೆಲ್ಲ ಕೇಳುವಂತೆ ಅತ್ತಳು. ಭಾವಮೈದ ನನ್ನನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ. ಇದೆಲ್ಲ ನಾಳೆ ನಾಡಿದ್ದು ಬರೆದರೂ ಆಗುತ್ತದೆ. ಇವತ್ತು ಬರೆಯಬೇಕಾದದ್ದು ಬೇರೆ ಇದೆ.

ಮೊದಲ ಆಟ. ಕ್ಲಬ್ಬು ತುಂಬ ಜನ, ಉಸಿರಾಡುವುದೂ ಕೇಳಿಸುವಷ್ಟು ಮೌನ. ನನ್ನ ಬಲಗಣ್ಣಿನ ಮೇಲೆ ಹತ್ತಿ. ಮಗಳು ಮೇಜಿಗೆ ಬಂದಳು. ತೂತಿನ ಬಾಯಲ್ಲೇ ನಿಂತ ಚೆಂಡು, ಯಾರೂ ತಪ್ಪಿಸುವಂಥದ್ದಲ್ಲ. ಬಗ್ಗಿದಳು, ಹೊಡೆದಳು. ಹೊಡೆಯುವಾಗ ಕೊಂಚ ತಲೆ ಎತ್ತಿಬಿಟ್ಟಳು. ಚೆಂಡು ಅಂಚಿಗೆ ಬಡಿದು ಆಚೆ ಹೋಯಿತು.

ಅಯ್ಯೋ, ಮತ್ತೆ ಶುರುವಾಯಿತು ಎಂದುಕೊಂಡೆ. ಪಕ್ಕದಲ್ಲಿ ಹೆಂಡತಿ ನನ್ನ ತೋಳು ಚಿವುಟಿ ಹಿಡಿದಿದ್ದಳು. ಮಗಳು ಕೋಲನ್ನು ನೋಡಿದಳು. ಚೆಂಡು ಹೋದ ದಾರಿ ನೋಡಿದಳು. ಅವಳ ಮುಖ ಒಮ್ಮೆಲೇ ಅರಳಿತು. ಅಷ್ಟು ಜನ ಕೂತಿದ್ದಾರೆ, ಮಾತಾಡಬಾರದು ಎಂಬುದೆಲ್ಲ ಮರೆತು ನನ್ನ ಕಡೆ ತಿರುಗಿ ಕೂಗಿದಳು: "ಅಪ್ಪಾ! ಇದು ನಾನೇ ತಪ್ಪಿಸಿದ್ದು!"

ರೆಫರಿ ಬೆಚ್ಚಿಬಿದ್ದ. ಎದುರಾಳಿ ಹುಡುಗಿ ಬಾಯಿ ತೆರೆದು ನಿಂತಳು. ಇಡೀ ಕ್ಲಬ್ಬು ನೋಡುತ್ತಿದ್ದಂತೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.